ಚಳಿಯ ಹಿಂದೆ ಹೋದ ಕೋಸು

ನಮ್ಮೂರಲ್ಲಿ ಚಳಿ ಒಬ್ಬರ ಹಿತ್ತಲಲ್ಲಿದ್ದರೆ ಪಕ್ಕದವರ ಹಿತ್ತಲಲ್ಲಿ ಇರುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಹೊತ್ತು ಮೂಡುವಾಗ ಊರಬಾಗಿಲ ಪಕ್ಕದ ಮೊದಲನೆ ಮನೆಗೆ, ಅಂದರೆ ಓಬಳಜ್ಜಿಯ ಮನೆಗೆ ಬರುತ್ತದೆ. ಅಲ್ಲಿ ಮೂರು ದಿನ ಇದ್ದು ನಾಲ್ಕನೆ ದಿನ ಎರಡನೆ ಮನೆಗೆ ಹೋಗುತ್ತದೆ. ಹೀಗೇ ಮೂವತ್ತು ಮನೆ ಸುತ್ತಿ, ಯುಗಾದಿಯ ಬೆಳಗ್ಗೆ ಕೊನೆಯ ಮನೆಯ ಹಿತ್ತಲ ಬಾಗಿಲಿಂದ ಊರು ಬಿಟ್ಟು ಹೋಗುತ್ತದೆ. ವರ್ಷದ ಮಿಕ್ಕ ದಿನವೆಲ್ಲ ಎಲ್ಲರಿಗೂ ಬಿಸಿಲೇ.

ಚಳಿಯ ಜೊತೆಗೆ ಒಂದು ಕರಿ ಕಂಬಳಿಯೂ ಮನೆಯಿಂದ ಮನೆಗೆ ಹೋಗುತ್ತದೆ. ಅದು ಊರ ಕಂಬಳಿ. ಅದನ್ನು ಯಾರೂ ಹೊದೆಯುವುದಿಲ್ಲ, ಹಾಸುವುದಿಲ್ಲ. ಹಿತ್ತಲ ಗೋಡೆಯ ಗೂಟಕ್ಕೆ ನೇತುಹಾಕುತ್ತಾರೆ, ಅಷ್ಟೇ. ಕಂಬಳಿ ನೇತಾಡುತ್ತಿದ್ದರೆ ಚಳಿ ಬಂದಿದೆ ಎಂದು ತಿಳಿದು ಊರೆಲ್ಲ ಆ ಮನೆಗೆ ಹೋಗುತ್ತದೆ. ಮೈಮೇಲೆ ಬೆವರುಸಾಲೆ ಎದ್ದ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ. ಬೆಣ್ಣೆ ಗಟ್ಟಿಯಾಗಲಿ ಎಂದು ಬೋಸಿ ತಂದು ಇಡುವವರು ಇಡುತ್ತಾರೆ. ಬಂದವರಿಗೆಲ್ಲ ಮನೆಯವರು ಬಿಸಿ ಶುಂಠಿ ಕಷಾಯ ಕೊಡಬೇಕು. ಕೊಡುವವರಿಗೆ ಕೂರಲು ಪುರುಸೊತ್ತಿರುವುದಿಲ್ಲ, ಆದರೂ ಆ ಮೂರು ದಿನ ಅವರ ಗತ್ತೇ ಬೇರೆ. ಹೊತ್ತು ಮುಳುಗುವುದರೊಳಗೆ ಮಾತ್ರ ಎಲ್ಲರೂ ಎದ್ದು ಹೋಗಬೇಕು. ಒಬ್ಬರ ಮನೆಯ ಚಳಿಯಲ್ಲಿ ಇನ್ನೊಂದು ಮನೆಯವರು ರಾತ್ರಿ ಉಳಿಯುವಂತಿಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಹೆಸರು ಸಣ್ಣೀರಮ್ಮ. ನನ್ನ ತವರು ಬೆಟ್ಟದ ಮೇಲಿದೆ. ಅಲ್ಲಿ ಚಳಿ ಎಲ್ಲರ ಮನೆಗೂ ಒಂದೇ ಸಲ ಬರುತ್ತದೆ, ಮೂರು ತಿಂಗಳು ಕದಲುವುದಿಲ್ಲ. ಬಂದ ಹೊಸದರಲ್ಲಿ ಈ ಮಾತು ಹೇಳಿದಾಗ ಬಾವಿಕಟ್ಟೆಯ ಹೆಂಗಸರು ಸೊಂಟದ ಬಿಂದಿಗೆ ಕೆಳಗಿಟ್ಟು ನಕ್ಕಿದ್ದರು. "ಎಲ್ಲರ ಮನೇಲೂ ಒಂದೇ ಸಲ ಚಳಿ ಬಂದ್ರೆ ಕಷಾಯ ಯಾರ ಮನೆಗೆ ಹೋಗಿ ಕುಡೀತೀರಮ್ಮ? ಕೊಡೋರ್ಯಾರು, ಕುಡಿಯೋರ್ಯಾರು?" ಎಂದು ಕೇಳಿದ್ದರು.

ತವರಿಂದ ನಾನು ತಂದಿದ್ದು ಒಂದು ಹಿಡಿ ಕೋಸಿನ ಬೀಜ. ನಮ್ಮ ಮನೆಯ ಹಿತ್ತಲು ಆಗ ಬರೀ ಗರಸು ನೆಲ. ಏಳು ವರ್ಷ ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಬುಟ್ಟಿಯಲ್ಲಿ ಹೊತ್ತು ತಂದು ಸುರಿದೆ, ಸಗಣಿ ಗೊಬ್ಬರ ಬೆರೆಸಿದೆ, ಕಲ್ಲು ಆಯ್ದೆ. ಈಗ ಅಲ್ಲಿ ಕೈ ಹಾಕಿದರೆ ಮೊಣಕೈವರೆಗೆ ಇಳಿಯುತ್ತದೆ. ಸೊಪ್ಪು ಬಂತು, ಬದನೆ ಬಂತು, ಹೀರೆ ಬಂತು. ಕೋಸು ಮಾತ್ರ ಬರಲಿಲ್ಲ. ಸಸಿ ಚೆನ್ನಾಗಿ ಏಳುತ್ತಿತ್ತು, ಎಲೆ ಅಗಲವಾಗುತ್ತಿತ್ತು, ಆಮೇಲೆ ಕೊಡೆ ಬಿಚ್ಚಿದ ಹಾಗೆ ಬಿಚ್ಚಿಕೊಂಡು ನಿಂತುಬಿಡುತ್ತಿತ್ತು. ಎಲೆ ಒಳಕ್ಕೆ ಮಡಿಸಿಕೊಂಡು ಗಡ್ಡೆ ಕಟ್ಟಬೇಕಾದರೆ ಕೋಸಿಗೆ ಚಳಿ ಬೇಕು. ನಮ್ಮದು ಏಳನೆ ಮನೆ. ವರ್ಷಕ್ಕೆ ಮೂರು ದಿನದ ಚಳಿ.

ಹಿತ್ತಲು ನನ್ನ ಗಂಡ ಚಿತ್ತಯ್ಯ ಮತ್ತು ಅವರ ಅಣ್ಣ ಜುಂಜಣ್ಣ, ಇಬ್ಬರಿಗೂ ಸೇರಿದ್ದು. ಭಾಗ ಆಗಿರಲಿಲ್ಲ. ಜುಂಜಣ್ಣ ಭಾವ ಊರ ಕೊನೆಯ ಮೂವತ್ತನೆ ಮನೆಯಲ್ಲಿದ್ದರು. ಆಳು ಬಲು ದಪ್ಪ. ನಮ್ಮ ಮನೆಯ ಬೆಂಚು ಮುರಿದವರು, ಓಬಳಜ್ಜಿಯ ಮನೆಯ ಮಣೆಯನ್ನು ಎರಡು ಹೋಳು ಮಾಡಿದವರು. ಕೆಟ್ಟವರಲ್ಲ. ಆದರೆ ತಲೆಯೊಳಗೆ ಒಂದು ಹೊಕ್ಕರೆ ಹೊರಗೆ ಬರುವುದು ಕಷ್ಟ. ಆ ವರ್ಷ ಹೊಕ್ಕಿದ್ದು ಹಿಟ್ಟಿನ ಗಿರಣಿ. ನಮ್ಮ ಹಿತ್ತಲು ಗಾಡಿದಾರಿಗೆ ತಗುಲಿಕೊಂಡಿದೆ, ಗಿರಣಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ ಎಂದು ಅವರ ಲೆಕ್ಕ. ಕೇಳುವುದಕ್ಕೆ ಮೊದಲೇ ಹನ್ನೆರಡು ಚಪ್ಪಡಿ ಕಲ್ಲು ತರಿಸಿ ನಮ್ಮ ಹಿತ್ತಲ ಗೋಡೆಗೆ ಒರಗಿಸಿದ್ದರು.

ದೀಪಾವಳಿಗೆ ಮುಂಚೆ ಒಂದು ದಿನ ಬಂದು ಪಾತಿಯ ಪಕ್ಕ ನಿಂತರು. "ಏನಮ್ಮ, ನಿನ್ನ ಕೋಸು ಈ ವರ್ಷಾನೂ ಬಾಯಿ ಬಿಟ್ಕಂಡು ನಿಂತೈತಲ್ಲ. ಆಕಳಿಸ್ತೈತಾ?" ಎಂದರು.

"ಚಳಿ ಸಾಲದು ಭಾವ. ಮೂರು ದಿನಕ್ಕೆ ಕೋಸು ಕಟ್ಟಲ್ಲ."

"ಮೂರು ದಿನ ನಮಗೆಲ್ಲ ಸಾಕಾಗ್ತೈತೆ, ನಿನ್ನ ಕೋಸಿಗೆ ಸಾಲದಾ? ಅದೇನು ಅರಮನೇಲಿ ಹುಟ್ಟಿದ್ದಾ?"

ನಾನು ಬಗ್ಗಿ ಕಳೆ ಕೀಳತೊಡಗಿದೆ. ಅದು ಅವರಿಗೆ ಇನ್ನಷ್ಟು ಹುರುಪು ತಂದಿತು. ಗೋಡೆಯಾಚೆ ಇಬ್ಬರು ಮೂವರು ಕಿವಿಗೊಟ್ಟು ನಿಂತಿದ್ದು ಅವರಿಗೂ ಗೊತ್ತಿತ್ತು. ದನಿ ಏರಿಸಿ ಹೇಳಿದರು: "ನೋಡು, ನಾನು ಅನ್ಯಾಯದ ಮನುಷ್ಯ ಅಲ್ಲ. ಬರೋ ಯುಗಾದಿವರೆಗೂ ಟೈಮ್ ಕೊಡ್ತೀನಿ. ನಾನು ಮೇಲೆ ಕುಂತರೂ ಕುಸೀದೆ ಇರೋ ಕೋಸು ತೋರ್ಸು. ಒಂದೇ ಒಂದು. ತೋರ್ಸಿದ್ರೆ ಹಿತ್ತಲು ನಿಂದು, ನಾನು ಗಿರಣಿ ಮಾತು ಎತ್ತಲ್ಲ. ಇಲ್ದಿದ್ರೆ ಹಬ್ಬದ ಮಾರನೆ ದಿನ ಕಲ್ಲು ಹಾಸ್ತೀನಿ."

"ಆಗಲಿ ಭಾವ," ಎಂದೆ. ಬಾಯಿಂದ ಹಾಗೆ ಬಂದುಬಿಟ್ಟಿತು. ಗೋಡೆಯಾಚೆ ಯಾರೋ "ಅಯ್ಯಯ್ಯೋ" ಎಂದದ್ದು ಕೇಳಿಸಿತು.

ನನ್ನ ಗಂಡ ಸೈಕಲ್ ಶಾಪಿನವರು. ಪಂಕ್ಚರ್ ಹಾಕುವಾಗ ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಎಷ್ಟು ಹೊತ್ತಾದರೂ ನೋಡುತ್ತ ಕೂರಬಲ್ಲವರು. ಮಾತೂ ಹಾಗೇ. ಅವತ್ತು ಮಧ್ಯಾಹ್ನ ಮುದ್ದೆ ಉಣ್ಣುತ್ತ ಹೇಳಿದರು: "ಚಳೀನ ಹಿಡಿದು ಕಟ್ಟಾಕಕ್ಕೆ ಆಗಲ್ಲ." ಸಾರು ಹಾಕಿಸಿಕೊಂಡರು. ಇನ್ನೊಂದು ತುತ್ತು ನುಂಗಿದರು. ಕೈ ತೊಳೆಯುವಾಗ ಉಳಿದ ಅರ್ಧ ಹೇಳಿದರು: "ಕೋಸನ್ನ ಬೇಕಾದ್ರೆ ನಡೆಸ್ಬೋದು."

ಎರಡು ಹಳೆ ಸೈಕಲ್ ಚಕ್ರಕ್ಕೆ ಹಲಗೆ ಜೋಡಿಸಿ ತಳ್ಳುವ ಗಾಡಿ ಮಾಡಿದರು. ಒಂಬತ್ತು ಎಣ್ಣೆ ಡಬ್ಬಗಳ ಬಾಯಿ ಕತ್ತರಿಸಿ, ತಳಕ್ಕೆ ತೂತು ಹೊಡೆದು, ಅಂಚು ಕೈಗೆ ತಾಗದ ಹಾಗೆ ಮಡಿಸಿ ಕೊಟ್ಟರು. ನಾನು ನನ್ನ ಏಳು ವರ್ಷದ ಮಣ್ಣು ತುಂಬಿದೆ. ದೀಪಾವಳಿ ಕಳೆದು ಬಿತ್ತಿದ್ದ ಸಸಿ ಗೇಣುದ್ದ ಆಗಿತ್ತು. ಇದ್ದುದರಲ್ಲಿ ಬುಡ ಗಟ್ಟಿಯಿದ್ದ ಒಂಬತ್ತು ಆರಿಸಿ ಡಬ್ಬಕ್ಕೆ ಒಂದರಂತೆ ನೆಟ್ಟೆ. ಎಳ್ಳಮಾವಾಸ್ಯೆಗೆ ಎರಡು ದಿನ ಇರುವಾಗ ಗಾಡಿ ತಳ್ಳಿಕೊಂಡು ಓಬಳಜ್ಜಿಯ ಮನೆಗೆ ಹೋದೆ. ಚಳಿಯ ವಿಷಯದಲ್ಲಿ ಅಜ್ಜಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಗಾಡಿಯನ್ನೂ ನನ್ನನ್ನೂ ನೋಡಿದಳು. ನಾನು ಇದ್ದದ್ದನ್ನೆಲ್ಲ ಹೇಳಿದೆ.

"ಹೊತ್ತು ಮುಳುಗಿದ ಮೇಲೆ ಬೇರೆ ಮನೇವ್ರು ಇರಂಗಿಲ್ಲ ಕಣಮ್ಮಿ," ಎಂದಳು.

"ಮನುಷ್ಯರು ಇರಂಗಿಲ್ಲ ಅಜ್ಜಿ. ಇವು ಕೋಸು."

"ಕಷಾಯ ಕೇಳ್ತಾವಾ?"

"ಇಲ್ಲ ಅಜ್ಜಿ."

"ಕುಂತ್ಕಂಡು ಆ ಮನೆ ಸೊಸೆ ಹಂಗೆ, ಈ ಮನೆ ಅತ್ತೆ ಹಿಂಗೆ ಅಂತಾವಾ?"

"ಇಲ್ಲ ಅಜ್ಜಿ."

"ಹಂಗಾರೆ ಮನುಷ್ಯರಿಗಿಂತ ವಾಸಿ. ಇರ್ಲಿ ಬಿಡು." ಆಮೇಲೆ ಅವರೆಕಾಯಿ ಸಿಪ್ಪೆ ಒದರಿ ಬೆರಳೆತ್ತಿದಳು. "ಆದ್ರೆ ಕೇಳು. ಒಬ್ಬರ ಮನೇಗೆ ಹೋದ ಮೇಲೆ ಅವು ಅವರ ನೆಂಟರು. ನೀರು, ಗೊಬ್ಬರ ಎಲ್ಲ ಅವರ ಪಾಡು. ನೀನು ಹೋಗಿ ನೋಡು, ಕಷಾಯ ಕುಡಿ, ಬಾ. ಕೈ ಹಾಕ್ಬೇಡ. ಇನ್ನೊಂದು. ಕಂಬಳೀನ ಕಳಿಸೋರು ಒಯ್ದು ಕೊಡ್ತಾರೆ, ಅದು ಯಾವತ್ತೂ ಇರೋದು. ಕೋಸಿನ ಗಾಡೀನ ಬೇಕಾದೋರೇ ಬಂದು ತಳ್ಕಂಡು ಹೋಗ್ಬೇಕು. ಬೇಡ ಅನ್ನೋರ ಮನೆಗೆ ಬಲವಂತ ಇಲ್ಲ."

ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಸುಲಭ, ಕೈ ಕಟ್ಟಿಕೊಂಡು ನಿಲ್ಲುವುದು ಕಷ್ಟ ಎಂದು ಮೂರನೆ ಮನೆಯಲ್ಲೇ ಗೊತ್ತಾಯಿತು. ಅದು ಹಾಲಿನ ಕಾಟಮ್ಮನ ಮನೆ. ಕೈಯೆತ್ತಿ ಕೊಡುವ ಹೆಂಗಸು, ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸಿದವಳಲ್ಲ. ಎರಡನೆ ದಿನ ನೋಡಲು ಹೋದರೆ ಎರಡು ಡಬ್ಬದ ಸಸಿ ಬಾಡಿ ಬಗ್ಗಿದ್ದವು. ಮಣ್ಣಿನ ಮೇಲೆ ಜಜ್ಜಿದ ಶುಂಠಿಯ ನಾರು.

"ಕಾಟಕ್ಕ, ಇದೇನು?"

"ಮತ್ತೆ? ಬಂದ ನೆಂಟರ ಎದುರಿಗೆ ನಾವಷ್ಟೇ ಹೆಂಗೆ ಕುಡಿಯೋದು? ಅವಕ್ಕೂ ಒಂದೊಂದು ಲೋಟ ಹೊಯ್ದೆ."

"ಆರಿದ ಮೇಲಾದರೂ ಹೊಯ್ದೆಯಾ?"

"ಆರಿದ ಕಷಾಯ ಯಾರಾದ್ರೂ ನೆಂಟರಿಗೆ ಕೊಡ್ತಾರಾ? ಚೆನ್ನಾಗಿ ಕುದಿಸಿ ಕೊಟ್ಟೆ ಕಣೆ. ಎರಡಕ್ಕೆ ಹೊಯ್ಯೋ ಹೊತ್ತಿಗೆ ಚರಿಗೆ ಖಾಲಿಯಾಯ್ತು, ಇಲ್ದಿದ್ರೆ ಎಲ್ಲಕ್ಕೂ ಕೊಡ್ತಿದ್ದೆ."

ಅವಳ ಮುಖದಲ್ಲಿ ಎಳ್ಳಷ್ಟೂ ಕೆಡುಕಿರಲಿಲ್ಲ. ಖಾಲಿಯಾದ ಚರಿಗೆಗೆ ಮನಸ್ಸಿನಲ್ಲೇ ಕೈ ಮುಗಿದು, ನನ್ನ ಪಾಲಿನ ಕಷಾಯ ಕುಡಿದು ಬಂದೆ. ಒಂಬತ್ತು ಏಳಾಯಿತು.

ಏಳನೆ ಮನೆ ನಮ್ಮದು. ಆ ಮೂರು ದಿನ ನನ್ನ ಕೋಸು ನನ್ನ ಕೈಗೆ ಬಂದವು. ಬುಡ ಸಡಿಲಿಸಿದೆ, ಮಣ್ಣೇರಿಸಿದೆ, ಕೊಳೆತ ಗೊಬ್ಬರ ಹಾಕಿದೆ, ಹಳದಿ ಎಲೆ ಚಿವುಟಿದೆ. ಕಷಾಯಕ್ಕೆ ಬಂದವರು "ಸಣ್ಣೀರಮ್ಮ, ಮನುಷ್ಯರ ಕಡೆಗೂ ಒಸಿ ನೋಡವ್ವ" ಎಂದು ರೇಗಿಸಿದರು. ನಾಲ್ಕನೆ ದಿನ ಎಂಟನೆ ಮನೆಯವರು ಬಂದು ಗಾಡಿ ತಳ್ಳಿಕೊಂಡು ಹೋಗುವಾಗ ಮದುವೆಯಾದ ಮಗಳನ್ನು ಕಳಿಸಿಕೊಟ್ಟ ಹಾಗಾಯಿತು. ಚಕ್ರ ಕಲ್ಲಿನ ಮೇಲೆ ಹಾರಿದ ಸದ್ದಿಗೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದೆ.

ಆಮೇಲೆ ಏನೇನೋ ಆಯಿತು. ಹನ್ನೊಂದನೆ ಮನೆಯಲ್ಲಿ ಹಸಿರು ಹುಳು ಬಿದ್ದವು. ಆ ಮನೆಯ ಮುದುಕಿ ಒಲೆಯ ಬೂದಿ ಜರಡಿ ಹಿಡಿದು ಎಲೆಗೆಲ್ಲ ಪೌಡರ್ ಬಳಿದ ಹಾಗೆ ಉದುರಿಸಿದಳು, ಹುಳು ಉದುರಿದವು. ಹದಿನಾಲ್ಕನೆ ಮನೆಯಲ್ಲಿ ಮೇಕೆ ಹಗ್ಗ ಬಿಚ್ಚಿಕೊಂಡು ಎರಡು ಗಿಡ ಬುಡಸಮೇತ ಮುಗಿಸಿ, ಮೂರನೆಯದರ ಹೊರಗಿನ ಎಲೆಗೆ ಬಾಯಿ ಹಾಕುವಷ್ಟರಲ್ಲಿ ಸಿಕ್ಕಿಬಿತ್ತು. ಏಳು ಐದಾಯಿತು. ಆ ಮನೆಯವನು ಮೇಕೆಯನ್ನು ಎಳೆದುಕೊಂಡು ನಮ್ಮ ಬಾಗಿಲಿಗೇ ಬಂದು, "ನೀನೇ ಏನಾದ್ರೂ ಅನ್ನಕ್ಕ ಇದಕ್ಕೆ, ನನ್ನ ಮಾತು ಕೇಳಲ್ಲ," ಎಂದ. ಮೇಕೆಗೆ ನಾನು ಏನು ಅನ್ನಲಿ.

ಭಾವ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. "ಒಂಬತ್ತು ಹೋಗಿ ಏಳು, ಏಳು ಹೋಗಿ ಐದು. ನಮ್ಮನೆ ಹೊತ್ತಿಗೆ ಡಬ್ಬ ಉಳೀತಾವಾ?"

ಹದಿನೆಂಟನೆ ಮನೆಯಲ್ಲಿ ಅದನ್ನು ನೋಡಿದೆ. ಬೆಳಗಿನ ಹೊತ್ತು. ಎಲೆಗಳ ಮೇಲೆ ಇಬ್ಬನಿ ಕೂತಿತ್ತು. ನಡುವಿನ ಡಬ್ಬದ ಗಿಡದ ಒಳಗಿನ ಎಲೆ ಒಂದು, ಕೂಸು ನಿದ್ದೆಯಲ್ಲಿ ಬೆರಳು ಮಡಿಸುವ ಹಾಗೆ, ತುದಿ ಒಳಕ್ಕೆ ಬಾಗಿಸಿತ್ತು. ಬಾಡಿದ್ದಿರಬಹುದೆಂದು ಬಗ್ಗಿ ನೋಡಿದೆ. ಬಾಡಿರಲಿಲ್ಲ. ಬೆರಳಿಂದ ಬಿಡಿಸಿದರೆ ಮತ್ತೆ ಮಡಿಸಿಕೊಳ್ಳುತ್ತದೆಯೋ ನೋಡಬೇಕು ಎನಿಸಿತು. ಕೈ ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಏಳು ವರ್ಷದಲ್ಲಿ ಮೊದಲ ಸಲ ನನ್ನ ಕೋಸು ಬಾಯಿ ಮುಚ್ಚಲು ಹೊರಟಿತ್ತು. ಅವತ್ತು ಕಷಾಯ ಎರಡು ಲೋಟ ಕುಡಿದೆ.

ಅಲ್ಲಿಂದ ಊರಿಗೇ ಹುಚ್ಚು ಹಿಡಿಯಿತು. ಚಳಿ ಬರುವ ಹಿಂದಿನ ದಿನವೇ ಮನೆಯವರು ಗಾಡಿ ನಿಲ್ಲಿಸುವ ಜಾಗ ಗುಡಿಸಿ ಸಾರಿಸುತ್ತಿದ್ದರು. ಬಾವಿಕಟ್ಟೆಯಲ್ಲಿ ಅದೇ ಮಾತು. "ನಮ್ಮನೇಲಿದ್ದಾಗ ಮೂರೆಲೆ ಮುಚ್ಚಿತು." "ನಿಮ್ಮನೇಲಿ ಮುಚ್ಚಿದ್ದೇನು ಬಂತು, ಗಟ್ಟಿಯಾಗಿದ್ದು ನಮ್ಮನೇಲಿ." ಇಪ್ಪತ್ನಾಲ್ಕನೆ ಮನೆಯಲ್ಲಿ ಅವು ತೆಂಗಿನಕಾಯಿಯಷ್ಟಾದವು. ಇಪ್ಪತ್ತಾರರಲ್ಲಿ ಹಿತ್ತಾಳೆ ಚೊಂಬಿನಷ್ಟು. ಬೆರಳ ಗೆಣ್ಣಿಂದ ತಟ್ಟಿದರೆ ಮುಂಚೆ ಪುಸಕ್ಕೆನ್ನುತ್ತಿದ್ದದ್ದು ಈಗ ಟಣ್ಣೆನ್ನುತ್ತದೆ ಎಂದು ಹೇಳಿದರು. ನಾನು ತಟ್ಟುವಂತಿರಲಿಲ್ಲ. ಬೇರೆಯವರು ತಟ್ಟಿದ್ದನ್ನು ಕೇಳಿ ಬಂದೆ.

ಭಾವ ಒಂದು ದಿನ ಬಂದು ನೋಡಿ ಹೋದರು. ಮಾರನೆ ದಿನ ಊರ ನಡುವೆ ನಿಂತು ಹೇಳಿದರು: "ನನ್ನ ಮನೆಗೆ ಕಂಬಳಿ ಬರ್ಲಿ. ಡಬ್ಬ ಬೇಡ. ಬೇಡ ಅನ್ನೋರಿಗೆ ಬಲವಂತ ಇಲ್ಲ ಅಂತ ಅಜ್ಜೀನೇ ಹೇಳವ್ಳೆ."

ಚಳಿಯ ಕೊನೆಯ ಮೂರು ದಿನ ಅವರ ಮನೆಯಲ್ಲೇ. ಚಳಿ ಬಿಟ್ಟು ಸೆಕೆಗೆ ಬಿದ್ದರೆ ಕಟ್ಟಿದ ಕೋಸು ಒಳಗಿಂದ ಉಬ್ಬಿ ಫಟ್ಟೆಂದು ಬಿರಿಯುತ್ತದೆ. ಮೊದಲೇ ಕೊಯ್ದಿಟ್ಟರೆ ಬಾಡಿ ಮೆತ್ತಗಾಗುತ್ತದೆ. ಭಾವ ಕೂರುವುದು ಯುಗಾದಿಯ ದಿನ. ಓಬಳಜ್ಜಿಯ ಹತ್ತಿರ ಹೋದೆ. ಅಜ್ಜಿ, "ನಾನೇ ಆಡಿದ ಮಾತು ಕಣಮ್ಮಿ. ಈಗ ಹೆಂಗೆ ನುಂಗಲಿ?" ಎಂದಳು. ನನ್ನ ಗಂಡ ಗಾಡಿಯ ಚಕ್ರಕ್ಕೆ ಗಾಳಿ ಹೊಡೆದು ಬಂದರು, ಅಷ್ಟೇ.

ಇಪ್ಪತ್ತೊಂಬತ್ತನೆ ಮನೆ ಬಡೇಸಾಬಿಯದು. ಹಾಸಿಗೆ ಹೊಲಿಯುವ ಮುದುಕ. ಊರಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಮೊದಲ ಕೌದಿ ಆತನದೇ ಕೈಯದು. ಯಾರಾದರೂ ನಡುಗಿದರೆ ಆತನಿಗೆ ನೋಡಲಾಗುವುದಿಲ್ಲ. ಮೂರನೆ ದಿನದ ಸಂಜೆ ಬಂದವರೆಲ್ಲ ಹೋದ ಮೇಲೆ ಒಬ್ಬನೇ ಕೂತಿದ್ದಾಗ, ಗಾಳಿಗೆ ಕೋಸಿನ ಹೊರ ಎಲೆಗಳು ನಡುಗುತ್ತಿದ್ದದ್ದು ಕಂಡಿತು. ನಾಳೆ ಇವು ಬಿಸಿಲಿಗೆ ಬೀಳುವವು ಎಂದು ಮೊದಲೇ ಮನಸ್ಸು ಕರಗಿತ್ತು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಅವತ್ತು ಕಷಾಯಕ್ಕೆ ಬಂದವರು ಹೊದ್ದುಕೊಂಡೇ ಹೋಗಿದ್ದರು. ಗೂಟದ ಮೇಲಿದ್ದದ್ದು ಊರ ಕಂಬಳಿ. ತೆಗೆದು ಐದೂ ಕೋಸಿಗೆ ಸೇರಿಸಿ ಹೊದಿಸಿದ, ಅಂಚನ್ನು ಡಬ್ಬದ ಸಂದಿಗೆ ಸಿಕ್ಕಿಸಿದ. ಊರು ಹುಟ್ಟಿದಂದಿನಿಂದ ಯಾರೂ ಮಾಡದ ಕೆಲಸ. ಬೆಳಗ್ಗೆ ಎದ್ದು ಕಂಬಳಿ ಒದರಿ, ಮಡಿಸಿ, ಪದ್ಧತಿಯಂತೆ ಭಾವನ ಮನೆ ಬಾಗಿಲಿಗೆ ಒಯ್ದು ಕೊಟ್ಟ. ಗಾಡಿ ಅವನ ಹಿತ್ತಲಲ್ಲೇ ಉಳಿಯಿತು.

ದಪ್ಪ ಮೈಯ ಭಾವನಿಗೆ ಸೆಕೆ ಎಂದರೆ ಯಮಹಿಂಸೆ. ವರ್ಷವಿಡೀ ಅವರು ಕಾಯುವುದು ಆ ಮೂರು ದಿನಕ್ಕೆ. ಹಿತ್ತಲಲ್ಲಿ ಹಗ್ಗದ ಮಂಚ ಹಾಕಿಸಿ, ಉಣ್ಣೆ ಸ್ವೆಟರ್ ತೊಟ್ಟು, ಮಂಕಿ ಕ್ಯಾಪ್ ಎಳೆದುಕೊಂಡು, ಕಂಬಳಿಯನ್ನು ಗೂಟಕ್ಕೆ ಹಾಕಿ ಕೂತರು. ಊರು ಬಂತು. ಕಷಾಯ ಬಂತು. ಚಳಿ ಬರಲಿಲ್ಲ.

"ಎಲ್ಲಿ ಜುಂಜಣ್ಣ ಚಳಿ?" ಎಂದು ಯಾರೋ ಕೇಳಿದರು.

"ಬತ್ತೈತೆ, ಬತ್ತೈತೆ. ದಾರೀಲೈತೆ," ಎಂದು ಭಾವ ಕಷಾಯ ಗುಟುಕರಿಸಿದರು. ಮೂಗಿನ ತುದಿಯಿಂದ ಬೆವರು ಲೋಟದೊಳಕ್ಕೆ ತೊಟ್ಟಿಕ್ಕಿತು. ಕಾಟಮ್ಮ ತಂದಿಟ್ಟ ಬೆಣ್ಣೆ ಬೋಸಿಯಲ್ಲಿ ಕರಗಿ ತುಪ್ಪದ ಹಾಗೆ ತೆಳ್ಳಗಾಯಿತು. ಕೂಸುಗಳು ರಚ್ಚೆ ಹಿಡಿದವು. ಕಂಬಳಿ ಮುಟ್ಟಿ ನೋಡಿದರು. ಬಿಸಿಲಿಗೆ ಒಣಗಿಸಿದ ಬಟ್ಟೆಯ ಹಾಗೆ ಬೆಚ್ಚಗಿತ್ತು. ಭಾವ ಸ್ವೆಟರ್ ತೆಗೆಯಲಿಲ್ಲ. ತೆಗೆದರೆ ಸೋತ ಹಾಗೆ ಎಂದುಕೊಂಡಿರಬೇಕು.

ಮಧ್ಯಾಹ್ನದ ಹೊತ್ತಿಗೆ ಬಡೇಸಾಬಿ ನಮ್ಮ ಮನೆಗೆ ಬಂದ. ಹಲ್ಲು ಕಟಕಟ ಎನ್ನುತ್ತಿತ್ತು. "ತಾಯಿ, ನನ್ನಿಂದ ತಪ್ಪಾಗೈತೆ. ನಮ್ಮ ಹಿತ್ತಲಿಗೆ ಬಾ," ಎಂದ. ಹೋಗಿ ನೋಡಿದರೆ ಗಾಡಿಯ ಸುತ್ತ ಹತ್ತು ಮಾರು ಚಳಿ ಗಕ್ಕನೆ ನಿಂತಿದೆ. ಐದು ಕೋಸೂ ಮಿಣುಗುಟ್ಟುತ್ತಿವೆ. ಸುದ್ದಿ ಹಬ್ಬಿ ಊರು ಅಲ್ಲಿಗೆ ತಿರುಗಿತು. ಓಬಳಜ್ಜಿ ಕೋಲೂರಿಕೊಂಡು ಬಂದಳು. ಕೋಸಿನ ಮೇಲೆ ಅಂಗೈ ಇಟ್ಟು, ಸರಕ್ಕನೆ ತೆಗೆದಳು.

"ಹೊದಿಸಬಾರದ್ದು ಹೊದಿಸವ್ನೆ, ಸಾಬಿ. ಇನ್ನು ಅದು ಬರೀ ಕಂಬಳಿ. ಅದ್ರಲ್ಲಿದ್ದ ಚಳಿ ಕೋಸಿನೊಳಗೆ ಹೋಗಿ ಕುಂತೈತೆ," ಎಂದಳು.

"ಅವು ನಡುಗ್ತಿದ್ವು ಅಜ್ಜಿ," ಎಂದ ಬಡೇಸಾಬಿ, ತಲೆ ತಗ್ಗಿಸಿ.

ಅಜ್ಜಿ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳಿಗೆ ನಗು ಬಂತು. ಅಷ್ಟರಲ್ಲಿ ಜನ ಎರಡು ಕಡೆಗೆ ಸರಿದು ದಾರಿ ಬಿಟ್ಟರು. ಭಾವ ಬಂದಿದ್ದರು. ಮಂಕಿ ಕ್ಯಾಪ್ ಕೈಯಲ್ಲಿತ್ತು. ಚಳಿಯ ಅಂಚಿಗೆ ಬಂದು ನಿಂತು, ಉಸಿರು ಒಳಕ್ಕೆ ಎಳೆದುಕೊಂಡರು. ಆ ಉಸಿರಿಗೆ ಅವರ ಮುಖವೆಲ್ಲ ಸಡಿಲವಾಯಿತು.

"ಏನಮ್ಮ," ಎಂದರು ನನ್ನ ಕಡೆಗೆ. "ಆ ಡಬ್ಬಗಳನ್ನ… ಮನೆಗೆ ಕಳಿಸಿಬಿಡು."

"ಕಳಿಸೋಕೆ ನಾನ್ಯಾರು ಭಾವ? ಬೇಕಾದೋರೇ ಬಂದು ತಳ್ಕಂಡು ಹೋಗ್ಬೇಕು ಅಂತ ಅಜ್ಜಿ ಹೇಳವ್ರೆ."

ಭಾವ ಅಜ್ಜಿಯನ್ನು ನೋಡಿದರು. ಅಜ್ಜಿ ಆಕಾಶ ನೋಡಿದಳು. ಭಾವ ಬಗ್ಗಿ ಗಾಡಿಯ ಹಿಡಿಗೆ ಕೈ ಹಾಕಿದರು. ಬಡೇಸಾಬಿಯ ಹಿತ್ತಲಿಂದ ತಮ್ಮ ಮನೆಯವರೆಗೆ ಅವರೇ ತಳ್ಳಿದರು. ಗುಂಡಿ ಬಂದಲ್ಲಿ ಚಕ್ರ ಎತ್ತಿ ಇಳಿಸಿದರು. ಹಿಂದೆ ಇಡೀ ಊರು, ಕೂಸುಗಳನ್ನೂ ಬೋಸಿಗಳನ್ನೂ ಹೊತ್ತುಕೊಂಡು. ಯಾರೋ "ಮೆತ್ತಗೆ ಜುಂಜಣ್ಣ, ನೆಂಟರು ಬೀಳ್ತಾರೆ" ಎಂದರು. ಭಾವ ತಿರುಗಿ ನೋಡಲಿಲ್ಲ. ನನ್ನ ಗಂಡ ಗಾಡಿಯ ಪಕ್ಕ ನಡೆಯುತ್ತ ಚಕ್ರ ಓಡುವುದನ್ನೇ ನೋಡುತ್ತಿದ್ದರು. "ಗಾಳಿ ಸರಿಯಾಗೈತೆ," ಎಂದರು.

ಮೂರು ದಿನ ಭಾವ ಕೋಸಿನ ಪಕ್ಕದಲ್ಲೇ ಮಂಚ ಹಾಕಿ ಮಲಗಿದರು. ಬೆಳಗ್ಗೆ ಅವರೇ ಚೊಂಬಿನಲ್ಲಿ ನೀರು ಹಾಕಿದರಂತೆ, ಬುಡಕ್ಕೆ ಮಾತ್ರ, ತಲೆಗೆ ತಾಗದ ಹಾಗೆ. ಹಾಗೆ ಹಾಕಬೇಕೆಂದು ಯಾರು ಹೇಳಿಕೊಟ್ಟರೋ. ಏಳು ವರ್ಷ ಪಾತಿಯ ಪಕ್ಕ ನಿಂತು ಅಣಕಿಸುವಾಗ ನನ್ನ ಕೈ ನೋಡಿರಬೇಕು.

ಯುಗಾದಿ ಬಂತು. ಎಣ್ಣೆನೀರು ಎರೆದುಕೊಂಡು, ಬೇವುಬೆಲ್ಲ ತಿಂದು, ಊರೆಲ್ಲ ಭಾವನ ಹಿತ್ತಲಲ್ಲಿ ಸೇರಿತು. ನಮ್ಮ ಗೋಡೆಗೆ ಒರಗಿಸಿದ್ದ ಚಪ್ಪಡಿಯಲ್ಲಿ ಒಂದನ್ನು ನಾಲ್ವರು ಹೊತ್ತು ತಂದು ನೆಲಕ್ಕೆ ಹಾಕಿದರು. ನಾನು ಕುಡುಗೋಲು ಹಿಡಿದು ಗಾಡಿಯ ಮುಂದೆ ಕೂತೆ. ಮೇಕೆ ಬಾಯಿ ಹಾಕಿದ್ದ ಗಿಡವನ್ನೇ ಆರಿಸಿಕೊಂಡೆ. ಅದೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ತೊಂಬತ್ತು ದಿನದಲ್ಲಿ, ನಮ್ಮ ಮನೆಯ ಮೂರು ದಿನ ಬಿಟ್ಟರೆ, ಅವತ್ತೇ ನನ್ನ ಕೈ ಅದನ್ನು ಮುಟ್ಟಿದ್ದು. ಬುಡಕ್ಕೆ ಕುಡುಗೋಲು ಹಾಕಿ ಎಳೆದೆ. ಕರಕ್ಕೆಂದಿತು. ಎತ್ತಿದರೆ ಎರಡು ಕೈಯೂ ಕೆಳಕ್ಕೆ ಜಗ್ಗಿದವು. ಚಪ್ಪಡಿಯ ಮೇಲೆ ಇಟ್ಟೆ.

"ಕುಂತ್ಕಳ್ಳಿ ಭಾವ."

ಭಾವ ಪಂಚೆ ಎತ್ತಿ ಕಟ್ಟಿದರು. ಒಂದು ಸಲ ಜನರನ್ನು ನೋಡಿದರು. ಮೆಲ್ಲಗೆ ಬಗ್ಗಿ, ಎರಡು ಕೈ ಮೊಣಕಾಲ ಮೇಲಿಟ್ಟು, ಕೂತರು. ಪೂರ್ತಿ ಭಾರ ಬಿಟ್ಟು, ಕಾಲು ನೆಲದಿಂದ ಎತ್ತಿ ಕೂತರು. ಮೋಸ ಮಾಡುವ ಮನುಷ್ಯರಲ್ಲ. ಕೋಸಿನ ಹೊರಗಿನ ಎಲೆ ಕಿರ್ರೆಂದಿತು. ನನ್ನ ಎದೆಯೂ ಕಿರ್ರೆಂದಿತು. ಅಷ್ಟೇ. ಬೆಂಚು ಮುರಿದ, ಮಣೆ ಸೀಳಿದ ಆ ಭಾರದ ಕೆಳಗೆ ನನ್ನ ಕೋಸು ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ನಿಂತಿತು.

ಎಷ್ಟು ಹೊತ್ತೋ. ಭಾವನ ಕಣ್ಣು ಮೆಲ್ಲಗೆ ಅಗಲವಾದವು. ಆಮೇಲೆ, ಅಂಥಾ ಆಳು, ಸೂಜಿ ಚುಚ್ಚಿದ ಹಾಗೆ ಮೇಲಕ್ಕೆ ನೆಗೆದರು. ಎರಡು ಕೈಯಿಂದ ಪಂಚೆಯ ಹಿಂಭಾಗ ಹಿಡಿದುಕೊಂಡು, "ಅಯ್ಯಪ್ಪಾ! ಮಂಜುಗಡ್ಡೆ ಕಣ್ರಪ್ಪೋ!" ಎಂದು ಕೂಗಿದರು.

ಊರು ನಕ್ಕ ನಗೆಗೆ ಮರದ ಮೇಲಿನ ಗಿಳಿ ಹಾರಿಹೋದವು. ಓಬಳಜ್ಜಿ ಕಣ್ಣೊರೆಸಿಕೊಳ್ಳುತ್ತ, "ಇನ್ನೂ ಒಸಿ ಹೊತ್ತು ಕುಂತ್ಕಳಪ್ಪ, ಕೋಸೇನು ಬೇಡ ಅನ್ನಲಿಲ್ಲವಲ್ಲ," ಎಂದಳು. ಭಾವನೂ ನಕ್ಕುಬಿಟ್ಟರು. ನಗುತ್ತಲೇ ನನ್ನ ಕಡೆಗೆ ತಿರುಗಿ, "ಹಿತ್ತಲು ನಿಂದು ಕಣಮ್ಮ," ಎಂದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಐದು ಕೋಸು, ಮೂವತ್ತು ಮನೆ. ಒಂದೊಂದನ್ನು ಆರಾರು ಹೋಳು ಮಾಡಿದೆ. ಭಾವ ಕೂತ ಕೋಸಿನ ಹೊರಗಿನ ಎಲೆಯಲ್ಲಿ ಮೇಕೆಯ ಹಲ್ಲಿನ ಗುರುತಿತ್ತು. ಅದರ ಒಳಗಿನ ಮಡಿಕೆಯಲ್ಲಿ ಹನ್ನೊಂದನೆ ಮನೆಯ ಬೂದಿ. ಒಳಗೆ ಹೋದ ಹಾಗೆಲ್ಲ ಬೆಳ್ಳಗೆ, ಒತ್ತಾಗಿ, ಕೂದಲು ತೂರಿಸಲು ಸಂದಿಲ್ಲದ ಹಾಗೆ ಎಲೆಯ ಮೇಲೆ ಎಲೆ. ಹೋಳು ಬಿಚ್ಚಿದಾಗಲೆಲ್ಲ ತಣ್ಣನೆ ಉಸಿರು ಮುಖಕ್ಕೆ ಹೊಡೆಯುತ್ತಿತ್ತು. ಒಬ್ಬೊಬ್ಬರೂ ತಮ್ಮ ಹೋಳನ್ನು ಸೆರಗಿನಲ್ಲೋ ಟವೆಲಿನಲ್ಲೋ ಸುತ್ತಿಕೊಂಡು ಮನೆಗೆ ಹೋದರು.

ಆ ವರ್ಷ ಚಳಿ ಕೊನೆಯ ಮನೆಯ ಹಿತ್ತಲ ಬಾಗಿಲಿಂದ ಹೋಗಲಿಲ್ಲ. ಕೋಸಿನ ಪಲ್ಯಕ್ಕೆ ಒಗ್ಗರಣೆ ಸಿಡಿಯುವ ಹೊತ್ತಿಗೆ ಮೂವತ್ತು ಮನೆಯಲ್ಲೂ ಒಟ್ಟಿಗೇ ಚಳಿ ಆಗಿತ್ತು. ಜನ ಬಾಗಿಲಿಗೆ ಬಂದು ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಯಾರ ಮನೆಗೆ ಹೋಗುವುದು ಎಂದು ಯಾರಿಗೂ ತಿಳಿಯಲಿಲ್ಲ. ನಾನು ನಮ್ಮ ಹಿತ್ತಲಲ್ಲಿ, ನನ್ನ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಕಾಲಡಿ ತಣ್ಣಗಿತ್ತು, ತವರಿನಲ್ಲಿದ್ದ ಹಾಗೆ.

ಗಾಡಿದಾರಿಯಿಂದ ಭಾವ ಬಂದರು. ಮಂಕಿ ಕ್ಯಾಪ್ ಹಾಕಿಕೊಂಡಿದ್ದರು, ಕೈಯಲ್ಲಿ ಖಾಲಿ ಲೋಟ.

"ನಮ್ಮನೇಲೂ ಚಳಿ, ನಿಮ್ಮನೇಲೂ ಚಳಿ," ಎಂದರು. "ಈಗ ಕಷಾಯ ಕೊಡೋರ್ಯಾರಮ್ಮ, ಕುಡಿಯೋರ್ಯಾರು?"

ಗೋಡೆಗೆ ಒರಗಿದ್ದ ಹನ್ನೊಂದು ಚಪ್ಪಡಿಯಲ್ಲಿ ಒಂದನ್ನು ನನ್ನ ಗಂಡ ಆಗಲೇ ಮಲಗಿಸಿ, ಕೆಳಗೆ ಎರಡು ದಿಂಡುಗಲ್ಲು ಕೊಟ್ಟು, ಪಾತಿಯ ಪಕ್ಕ ಕೂರಲು ಜಾಗ ಮಾಡಿದ್ದರು. ಅದನ್ನು ತೋರಿಸಿದೆ. "ಕುಂತ್ಕಳ್ಳಿ ಭಾವ. ಇದೂ ಮುರಿಯಲ್ಲ," ಎಂದೆ. ಒಳಗೆ ಹೋಗಿ ಶುಂಠಿ ಜಜ್ಜಿದೆ.